ಕಂಪ್ಯೂಟರಿನಿಂದ ಹೋಂ ಥಿಯೇಟರಿಗೆ ಆರು ದನಿ ಸಾಗಿಸುವ ಕ್ರಮ



ತುಮಕೂರಿನಿಂದ ಹೋಂ ಥಿಯೇಟರ್ ತಂದು ಮನೆಯ ಕಂಪ್ಯೂಟರಿಗೆ ಜೋಡಿಸಿದವರು ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲೂ ಇದ್ದಾರೆ. ಇಂಥ ಮನೆಗಳಲ್ಲಿ ಬರುವ ತೊಂದರೆ ಒಂದುಂಟು: ಸಿನಿಮಾದ ಹಾಡು, ಗದ್ದಲ ಜೋರಾಗಿ ಕೇಳುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಕಿವಿ ಮಂದವಾದ ಹಿರಿಯರು ಬೇಸತ್ತು ಎದ್ದು ಹೋಗುತ್ತಾರೆ. ಯಂತ್ರ ಕೆಟ್ಟಿತೆಂದು ಹೊಸದನ್ನು ಕೊಳ್ಳುವ ಮೊದಲು ಈ ಪಾಠದಂತೆ ಪರೀಕ್ಷಿಸಿ ನೋಡಿ. ಕೊಬ್ಬರಿ ಮಾರಿದ ಹಣ ಉಳಿದೀತು.

ಆರು ದನಿ ಎಂದರೇನು?

5.1 ಎಂದರೆ ಆರು ಬೇರೆ ಬೇರೆ ದನಿಗಳು. ಮುಂದೆ ಎಡ, ಬಲ ಮತ್ತು ನಡು. ಹಿಂಬದಿಗೆ ಎಡ, ಬಲ. ಆರನೆಯದು ಗುಡುಗು, ತಮಟೆಯಂಥ ತಗ್ಗು ದನಿಯ ಸಬ್‌ವೂಫರ್. ಪಾತ್ರಗಳ ಮಾತು ಬಹುಪಾಲು ನಡು ದನಿಯಲ್ಲಿರುತ್ತದೆ. ಇದು ತೋಟದ ಹನಿ ನೀರಾವರಿ ಇದ್ದಂತೆ. ಬಾವಿಯಲ್ಲಿ ನೀರಿದ್ದರೂ ಒಂದು ಕೊಳವೆ ಕಟ್ಟಿಕೊಂಡರೆ ಆ ಸಾಲಿನ ಗಿಡ ಒಣಗುತ್ತದೆ. ಕಂಪ್ಯೂಟರು ಆರು ದನಿ ಕಳುಹಿಸಿ, ತಂತಿ ಎರಡನ್ನೇ ಒಯ್ದರೆ ನಡುವಿನ ಮಾತು ದಾರಿಯಲ್ಲೇ ಉಳಿಯುತ್ತದೆ.

ತಂತಿಯ ಆಯ್ಕೆ

1. ಎಚ್‌ಡಿಎಂಐ ತಂತಿ: ಎಲ್ಲಕ್ಕಿಂತ ಉತ್ತಮ. ಎಂಟು ದನಿಗಳವರೆಗೆ ಇಡಿಯಾಗಿ ಒಯ್ಯುತ್ತದೆ. ಕಂಪ್ಯೂಟರಿನಿಂದ ನೇರವಾಗಿ ರಿಸೀವರಿಗೆ, ರಿಸೀವರಿನಿಂದ ಟಿ.ವಿ.ಗೆ ಜೋಡಿಸತಕ್ಕದ್ದು. ಟಿ.ವಿ.ಯ ಮೂಲಕ ಸುತ್ತಿಸಿದರೆ ಎಷ್ಟೋ ಟಿ.ವಿ.ಗಳು ಎರಡು ದನಿಗಳನ್ನಷ್ಟೇ ಮುಂದಕ್ಕೆ ಬಿಡುತ್ತವೆ.

2. ಆಪ್ಟಿಕಲ್ ತಂತಿ: ಇದರಲ್ಲಿ ದನಿ ಬೆಳಕಾಗಿ ಹರಿಯುತ್ತದೆ. ಇಡಿ ದನಿಯಾದರೆ ಎರಡೇ ಹಿಡಿಸುತ್ತವೆ. ತೆಂಗಿನಕಾಯಿಯನ್ನು ಕೊಬ್ಬರಿ ಮಾಡಿದರೆ ಚೀಲಕ್ಕೆ ಹೆಚ್ಚು ತುಂಬುವಂತೆ, ಡಾಲ್ಬಿ ಡಿಜಿಟಲ್ ಅಥವಾ ಡಿ.ಟಿ.ಎಸ್. ರೂಪದಲ್ಲಿ ಕುಗ್ಗಿಸಿದರೆ ಆರೂ ಹೋಗುತ್ತವೆ. ಇದಕ್ಕಾಗಿ ವಿಎಲ್‌ಸಿಯಂಥ ಪ್ಲೇಯರಿನ ಆಡಿಯೊ ಸೆಟ್ಟಿಂಗಿನಲ್ಲಿ "ಪಾಸ್‌ಥ್ರೂ" ಎಂಬುದನ್ನು ಆನ್ ಮಾಡಬೇಕು.

3. ಮೂರು ಪಿನ್ ತಂತಿಗಳು: ಸಾಮಾನ್ಯವಾಗಿ ಹಸಿರು ರಂಧ್ರ ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ಬಣ್ಣದ್ದು ನಡು ಮತ್ತು ಸಬ್‌ವೂಫರಿಗೆ. ರಿಸೀವರಿನಲ್ಲೂ ಆರು ದನಿಯ ಒಳದಾರಿ ಇರಬೇಕು. ಹಸಿರೊಂದನ್ನೇ ಚುಚ್ಚಿದರೆ ಎರಡೇ ದನಿ.

ವಿಂಡೋಸ್ ಕಂಪ್ಯೂಟರಿನಲ್ಲಿ ಮಾಡತಕ್ಕದ್ದು

ಎಲ್ಲ ಸ್ವಿಚ್ಚುಗಳನ್ನು ಆರಿಸಿ ತಂತಿ ಜೋಡಿಸಿ. ಮೊದಲು ಟಿ.ವಿ. ಮತ್ತು ರಿಸೀವರ್, ಅನಂತರ ಕಂಪ್ಯೂಟರನ್ನು ಹಾಕಿ. ಕಂಟ್ರೋಲ್ ಪ್ಯಾನೆಲ್‌ನ "ಸೌಂಡ್" ತೆರೆದು, "ಪ್ಲೇಬ್ಯಾಕ್" ಪಟ್ಟಿಯಲ್ಲಿ ರಿಸೀವರನ್ನು ಆರಿಸಿ. ಎಚ್‌ಡಿಎಂಐ ಅಥವಾ ಪಿನ್ ತಂತಿಯಾದರೆ "ಕಾನ್ಫಿಗರ್" ಒತ್ತಿ 5.1 ಗೊತ್ತುಮಾಡಿ, "ಟೆಸ್ಟ್" ಒತ್ತಿ. ಪೆಟ್ಟಿಗೆಗಳು ಒಂದಾದ ಮೇಲೊಂದು ದನಿ ಕೊಡಬೇಕು. ಯಾವುದು ಮೌನವೋ ಅದರ ತಂತಿಯನ್ನು ನೋಡಿ. ಎರಡೇ ಪೆಟ್ಟಿಗೆ ಇದ್ದವರು "ಸ್ಟೀರಿಯೊ" ಆರಿಸತಕ್ಕದ್ದು. ಆಗ ನಡುವಿನ ಮಾತು ಎರಡರಲ್ಲೂ ಬೆರೆತು ಬರುತ್ತದೆ.

ಬೀಜದಲ್ಲಿಲ್ಲದ್ದು ಬೆಳೆಯಲ್ಲಿ ಬಾರದು. ಗುಬ್ಬಿ ವೀರಣ್ಣನವರು ನಿರ್ಮಾಣದಲ್ಲಿ ಪಾಲುಗೊಂಡ 1954ರ "ಬೇಡರ ಕಣ್ಣಪ್ಪ"ದ ಕಾಲದ ಚಿತ್ರಗಳಲ್ಲಿ ಇರುವುದು ಒಂದೇ ದನಿ. ಅದನ್ನು ಆರು ಪೆಟ್ಟಿಗೆಗೆ ಹಂಚಬಹುದು, ಆರಾಗಿ ಬಿಡಿಸಲು ಬಾರದು. ಅದಕ್ಕೆ ಯಂತ್ರವನ್ನು ದೂರುವುದು ಸಲ್ಲ.

ಪೆಟ್ಟಿಗೆ ಇಡುವ ಬಗೆ ಮತ್ತು ಎಚ್ಚರಿಕೆ

ನಡುವಿನದು ಟಿ.ವಿ.ಯ ಕೆಳಗೆ, ಕೂತವರ ಮುಖಕ್ಕೆ ನೇರವಾಗಿರಲಿ. ಮುಂದಿನ ಎರಡು ಪೆಟ್ಟಿಗೆಗಳೂ ಕೂತವರೂ ಸಮ ಅಂತರದ ತ್ರಿಕೋನದಂತಿರಬೇಕು. ಹಿಂಬದಿಯವು ಕಿವಿಗಿಂತ ತುಸು ಮೇಲೆ, ಪಕ್ಕಕ್ಕೆ ಸರಿದಿರಲಿ. ಅರ್ಥಿಂಗ್ ಇರುವ ಮೂರು ಕಡ್ಡಿಯ ಪ್ಲಗ್ಗನ್ನೇ ಬಳಸಿ. ಗುಡುಗು ಸಿಡಿಲು ಬರುವ ಮುನ್ನ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು.

ಚಿತ್ರ, ಕಂಪ್ಯೂಟರ್, ತಂತಿ, ರಿಸೀವರ್, ಪೆಟ್ಟಿಗೆ: ಈ ಕ್ರಮದಲ್ಲಿ ಒಂದೊಂದಾಗಿ ನೋಡುತ್ತ ಬಂದರೆ ದೋಷ ಎಲ್ಲಿದೆಯೆಂದು ತಾನೇ ತಿಳಿಯುತ್ತದೆ. ಮನೆಯ ಹಿರಿಯರಿಗೂ ಮಾತು ಕೇಳಿಸಿದಾಗಲೇ ಜೋಡಣೆ ಸರಿಯಾಯಿತೆಂದು ತಿಳಿಯಿರಿ.