ಕೆಲಸ ಒಂದೇ ಆದಾಗ ಕೂಲಿ ಎರಡೇಕೆ?



ನೀವು ಸಂಘಕ್ಕೆ ಹಾಲು ಹಾಕುವಾಗ ಪರೀಕ್ಷಕರು ಜಿಡ್ಡಿನ ಅಂಶ ಮತ್ತು ಜಿಡ್ಡೇತರ ಘನಾಂಶವನ್ನು ನೋಡಿ ದರ ಬರೆಯುತ್ತಾರೆ. ತಂದವರು ಇಪ್ಪತ್ತು ವರ್ಷದ ಹಳೆಯ ಸದಸ್ಯರೋ, ಹೋದ ತಿಂಗಳು ಷೇರು ಪಡೆದವರೋ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಸುಮ್ಮನಿರುವುದೂ ಇಲ್ಲ. ದುಡಿಮೆಯ ವಿಷಯದಲ್ಲಿ ಮಾತ್ರ ಈ ನ್ಯಾಯ ಬಹಳ ಕಾಲ ನಡೆಯಲಿಲ್ಲ. ಒಂದೇ ಕಚೇರಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ತಿಂಗಳ ಸಂಬಳ, ಭತ್ಯೆ; ಇನ್ನೊಬ್ಬರಿಗೆ ಬರೀ ದಿನಗೂಲಿ. ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಹೀಗೆ ದುಡಿದವರು ಇದ್ದಾರೆ. ಆದ್ದರಿಂದ ಕಾನೂನು ಏನು ಹೇಳುತ್ತದೆಂದು ತಿಳಿದಿರುವುದು ಒಳ್ಳೆಯದು.

ಸಂವಿಧಾನದ 39ನೇ ವಿಧಿಯು ಸ್ತ್ರೀ ಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಿಗಬೇಕೆನ್ನುತ್ತದೆ. ಆದರೆ ಅದು ನಿರ್ದೇಶಕ ತತ್ವ. ಅದೊಂದನ್ನೇ ಹಿಡಿದು ಕೋರ್ಟಿಗೆ ಹೋಗಲು ಬರುವುದಿಲ್ಲ. 1982ರಲ್ಲಿ ದೆಹಲಿ ಪೊಲೀಸ್ ಇಲಾಖೆಯ ಚಾಲಕ ರಣಧೀರ್ ಸಿಂಗ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಮಾನತೆಯ 14 ಮತ್ತು 16ನೇ ವಿಧಿಗಳೊಡನೆ ಸೇರಿಸಿ ಓದಿದರೆ ಈ ತತ್ವವನ್ನು ಜಾರಿ ಮಾಡಿಸಬಹುದೆಂದು ಹೇಳಿತು.

ಇದಾದ ಕೆಲವೇ ವರ್ಷಗಳಲ್ಲಿ ನೆಹರು ಯುವಕ ಕೇಂದ್ರದ ಇಬ್ಬರು ದಿನಗೂಲಿ ನೌಕರರು ನ್ಯಾಯಾಲಯಕ್ಕೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಲಾಯಿತು! ಕೂಲಿ ಇಷ್ಟೇ ಎಂದು ತಿಳಿದೇ ಇವರು ಕೆಲಸಕ್ಕೆ ಬಂದಿದ್ದಾರೆಂದು ಸರ್ಕಾರ ವಾದಿಸಿತು. ಹೊಟ್ಟೆಪಾಡಿಗಾಗಿ ಒಪ್ಪಿದವರ ಮುಂದೆ ಈ ಮಾತು ನಿಲ್ಲುವುದೇ? ನ್ಯಾಯಾಲಯ ಅದನ್ನು ತಳ್ಳಿಹಾಕಿ, ಖಾಯಂ ನಾಲ್ಕನೇ ದರ್ಜೆ ನೌಕರರಷ್ಟೇ ಸಂಬಳ, ಭತ್ಯೆ ಕೊಡಲು ಆದೇಶಿಸಿತು.

ನಮ್ಮ ರಾಜ್ಯದ ಮೊಕದ್ದಮೆ ಬಂದದ್ದು ಧಾರವಾಡದಿಂದ. ಅಲ್ಲಿನ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಹೂಡಿದ ಈ ದಾವೆಯಲ್ಲಿ 1990ರ ಫೆಬ್ರವರಿಯಲ್ಲಿ ತೀರ್ಪಾಯಿತು. 1984ರ ಜುಲೈ 1ಕ್ಕೆ ಮೊದಲು ಅಥವಾ ಅಂದು ಸೇರಿದವರಿಗೆ 1990ರ ಜನವರಿ 1ರಿಂದ ತಿಂಗಳಿಗೆ 780 ರೂ. ನಿಗದಿತ ಸಂಬಳ, ವರ್ಷಕ್ಕೆ 15 ರೂ. ಬಡ್ತಿ, ಹತ್ತು ವರ್ಷ ಪೂರೈಸಿದವರಲ್ಲಿ 18,600 ಮಂದಿಯನ್ನು ಕೂಡಲೇ ಖಾಯಂ ಮಾಡುವುದು, ಉಳಿದವರನ್ನು ಹಂತ ಹಂತವಾಗಿ. ಮೊತ್ತ ದೊಡ್ಡದಲ್ಲ, ಭತ್ಯೆಯೂ ಇರಲಿಲ್ಲ. ಆದರೂ ಮಸ್ಟರ್ ರೋಲಿನಲ್ಲಿ ಸಹಿ ಹಾಕಿಯೇ ತಲೆ ನರೆಸಿಕೊಂಡವರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ.

ಇಲ್ಲೇ ಅನೇಕರು ಎಡವುತ್ತಾರೆ. ಖಾಯಂ ಆಗುವುದು ಬೇರೆ, ಸಮಾನ ವೇತನ ಬೇರೆ. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ನಿಯಮದಂತೆ ನೇಮಕವಾಗದವರು ಖಾಯಂ ಮಾಡಿರೆಂದು ಹಕ್ಕಿನಿಂದ ಕೇಳುವಂತಿಲ್ಲವೆಂದಿತು. ಅದೇ ತೀರ್ಪಿನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳಿಗೆ ಆ ವೃಂದದ ಕನಿಷ್ಠ ಸಂಬಳಕ್ಕೆ ಸಮನಾದ ಕೂಲಿ ಕೊಡಬೇಕೆಂಬ ಆದೇಶವನ್ನು ಎತ್ತಿ ಹಿಡಿಯಿತು. 2016ರ ಅಕ್ಟೋಬರ್‌ನಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲೂ ಇದೇ ಸ್ಥಿರವಾಯಿತು: ಖಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಶ್ರೇಣಿಯ ಕನಿಷ್ಠ ಸಂಬಳ ಸಲ್ಲಬೇಕು.

ಹುದ್ದೆಯ ಹೆಸರು ಒಂದೇ ಇದ್ದರೆ ಸಾಲದು. ಕೆಲಸದ ಗುಣ, ಹೊಣೆ, ಬೇಕಾದ ಅರ್ಹತೆ ಸರಿಸಮವೆಂದು ಕೇಳುವವರೇ ತೋರಿಸಬೇಕು. ಆದ್ದರಿಂದ ದಿನಗೂಲಿಯಲ್ಲಿರುವ ಮಕ್ಕಳಿಗೆ ಹೇಳಿ: ಕೆಲಸ ವಹಿಸಿದ ಆದೇಶ, ಹಾಜರಾತಿಯ ಪ್ರತಿ, ಕೂಲಿ ಪಾವತಿಯ ಚೀಟಿ ಜೋಪಾನವಾಗಿರಲಿ.

ಈ ತೀರ್ಪುಗಳು ಸರ್ಕಾರ ಮತ್ತು ಅದರ ಸಂಸ್ಥೆಗಳ ಬಗ್ಗೆ ಬಂದವು. ಹಳ್ಳಿಯ ಸಂಘಕ್ಕೆ ಹಾಗೇ ಎತ್ತಿ ಅನ್ವಯಿಸುವಂತಿಲ್ಲ. ಆದರೆ ಸಂಘದಲ್ಲಿ ಕ್ಯಾನ್ ತೊಳೆಯುವವರ, ಹಾಲು ಅಳೆಯುವವರ ಕೂಲಿ ಗೊತ್ತುಮಾಡುವುದು ನೀವು ಆರಿಸಿದ ಆಡಳಿತ ಮಂಡಳಿಯೇ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಸಂಬಳದ ಬಾಬ್ತನ್ನು ನಿಲ್ಲಿಸಿ ಕೇಳಿ: ಯಾರಿಗೆ ಎಷ್ಟು, ಯಾವ ಕೆಲಸಕ್ಕೆ?