ನರಕೋಶವನ್ನು ಕಂಡ ಚಿತ್ರಕಾರ

ಕನ್ನಡದ ಆಡುಮಾತಿನಲ್ಲಿ 'ನರ' ಎಂಬುದು ಬಹಳ ಉದಾರವಾದ ಶಬ್ದ. ಮುಂಗೈಯಲ್ಲಿ ಉಬ್ಬಿ ಕಾಣುವ ರಕ್ತನಾಳವೂ ನರವೇ, ಹಿಮ್ಮಡಿಯ ಗಟ್ಟಿ ಹುರಿಯೂ ನರವೇ, ಮಿದುಳಿಗೆ ಸುದ್ದಿ ಒಯ್ಯುವ ತಂತುವೂ ನರವೇ. ಇದು ನಮ್ಮ ಭಾಷೆಯೊಂದರ ದೋಷವೆಂದು ಭಾವಿಸಬೇಕಾಗಿಲ್ಲ. ಗ್ರೀಕರ 'ನ್ಯೂರಾನ್' ಶಬ್ದಕ್ಕೂ ಮೂಲದಲ್ಲಿ ಹುರಿಯೆಂದೇ ಅರ್ಥ. ಆ ಹಳೆಯ ಶಬ್ದಕ್ಕೆ 'ನರಕೋಶ' ಎಂಬ ನಿಯತಾರ್ಥವನ್ನು 1891ರಲ್ಲಿ ಕಟ್ಟಿಕೊಟ್ಟವರು ಜರ್ಮನಿಯ ವಾಲ್ಡೆಯರ್. ನಾಮಕರಣ ಅವರದು. ಆ ನಾಮಕ್ಕೆ ತಕ್ಕ ವಸ್ತುವನ್ನು ಕಣ್ಣಾರೆ ಕಂಡು ಲೋಕಕ್ಕೆ ತೋರಿಸಿದವರಲ್ಲಿ ಅಗ್ರಗಣ್ಯರು ಸ್ಪೇನ್ ದೇಶದ ಸಾಂತಿಯಾಗೊ ರಾಮೋನ್ ಇ ಕಹಾಲ್.

1852ರ ಮೇ 1ರಂದು ಒಂದು ಗುಡ್ಡಗಾಡು ಹಳ್ಳಿಯಲ್ಲಿ ಜನಿಸಿದ ಈ ಬಾಲಕನಿಗೆ ಚಿತ್ರ ಬರೆಯುವ ಹುಚ್ಚು. ಶಸ್ತ್ರವೈದ್ಯನಾದ ತಂದೆಗೆ ಅದು ಕಂಡರಾಗದು. ಹಾಕಾ ಎಂಬ ಊರಿನಲ್ಲಿ ಕ್ರೈಸ್ತ ಸಂನ್ಯಾಸಿಗಳು ನಡೆಸುತ್ತಿದ್ದ ಶಾಲೆಗೆ ಮಗನನ್ನು ಸೇರಿಸಿದರು. ಅಲ್ಲಿ ಲ್ಯಾಟಿನ್ ವ್ಯಾಕರಣದ ಕಂಠಪಾಠ. ಒಪ್ಪಿಸದಿದ್ದರೆ ಬೆತ್ತ, ಉಪವಾಸ. ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಲೇ ತಲೆ ನರೆತ ನನ್ನಂಥ ಪಂಡಿತನಿಗೆ ಈ ಭಾಗವನ್ನು ಓದುವಾಗ ಸಂಕೋಚವಾಗುತ್ತದೆ. ಪುಸ್ತಕದ ಅಂಚಿನಲ್ಲಿ ಚಿತ್ರ ಗೀಚುತ್ತಿದ್ದ ಎಷ್ಟು ಹುಡುಗರ ಸೀಸದಕಡ್ಡಿಯನ್ನು ನಾನು ಕಸಿದಿಟ್ಟೆನೋ ಲೆಕ್ಕವಿಲ್ಲ. ಕಹಾಲ್‌ರನ್ನು ಕ್ಷೌರಿಕನ ಬಳಿ, ಚಮ್ಮಾರನ ಬಳಿ ಕೆಲಸ ಕಲಿಯಲು ಬಿಟ್ಟದ್ದೂ ಉಂಟು. ಕೊನೆಗೆ ತಂದೆಯೇ ಒಂದು ಉಪಾಯ ಹೂಡಿದರು. 1868ರ ಬೇಸಗೆಯಲ್ಲಿ ಮಗನನ್ನು ಹಳೆಯ ಸ್ಮಶಾನಕ್ಕೆ ಕರೆದೊಯ್ದು, ಅಲ್ಲಿ ದೊರೆತ ಮೂಳೆಗಳನ್ನು ಮುಂದಿಟ್ಟು ಚಿತ್ರ ಬರೆಯಿಸಿದರು. ನಿಷಿದ್ಧವಾಗಿದ್ದ ವಿದ್ಯೆಯೇ ಅಂಗರಚನಾಶಾಸ್ತ್ರಕ್ಕೆ ಹೆಬ್ಬಾಗಿಲಾಯಿತು.

ಆ ಕಾಲದ ವಿದ್ವಾಂಸರಲ್ಲಿ ಬಹುಮಂದಿ, ನರಮಂಡಲವೆಲ್ಲ ಎಡೆಬಿಡದೆ ಕೂಡಿಕೊಂಡ ಒಂದೇ ಬಲೆ ಎಂದು ನಂಬಿದ್ದರು. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟುಗಳಿಂದ ನರಕೋಶಗಳಿಗೆ ಕಪ್ಪು ಬಣ್ಣ ಹತ್ತಿಸುವ ವಿಧಾನವನ್ನು ಕಂಡುಹಿಡಿದರು. ಅಸಂಖ್ಯ ಕೋಶಗಳಲ್ಲಿ ಕೆಲವಕ್ಕೆ ಮಾತ್ರ ಬಣ್ಣ ಹತ್ತುವುದೇ ಅದರ ಗುಣ. ಎಲ್ಲವೂ ಕಪ್ಪಾದರೆ ಕಾಣುವುದು ಬರಿಯ ಮಸಿ. ಕಹಾಲ್ ಈ ವಿಧಾನದ ಫಲವನ್ನು ನೋಡಿದ್ದು 1887ರಲ್ಲಿ, ಮ್ಯಾಡ್ರಿಡ್ಡಿನ ವೈದ್ಯ ಸಿಮಾರ್ರೊ ಅವರ ಮನೆಯಲ್ಲಿ. ಊರಿಗೆ ಮರಳಿ ಅದನ್ನು ತಿದ್ದಿದರು: ಲೇಪನವನ್ನು ಎರಡು ಬಾರಿ ಮಾಡಿದರು, ಬೆಳೆದ ಪ್ರಾಣಿಯನ್ನು ಬಿಟ್ಟು ಭ್ರೂಣಗಳನ್ನೂ ಮರಿಗಳನ್ನೂ ಆರಿಸಿಕೊಂಡರು. ಎಳೆಯ ಜೀವಿಯಲ್ಲಿ ತಂತುಗಳ ಮೇಲೆ ಕೊಬ್ಬಿನ ಹೊದಿಕೆ ಇನ್ನೂ ಮೂಡಿರುವುದಿಲ್ಲವಾದ್ದರಿಂದ ಬಣ್ಣಕ್ಕೆ ತಡೆಯಿಲ್ಲ. 1888ರಲ್ಲಿ ಬಾರ್ಸಿಲೋನದಲ್ಲಿ ಹಕ್ಕಿಗಳ ಕಿರುಮಿದುಳನ್ನು ಪರೀಕ್ಷಿಸುವಾಗ ಅವರಿಗೆ ಗೋಚರಿಸಿದ್ದು ಇದು: ತಂತುವಿನ ತುದಿ ಮತ್ತೊಂದು ಕೋಶದ ಮೈಗೆ, ಅಂಗೈಗೆ ಅಂಗೈ ಒತ್ತಿದಂತೆ, ಸಮೀಪಿಸಿ ನಿಲ್ಲುತ್ತದೆ, ಅದರೊಳಗೆ ಲೀನವಾಗುವುದಿಲ್ಲ. ಸುದ್ದಿಯು ಕೋಶದ ಕವಲುಗಳಲ್ಲಿ ಪ್ರವೇಶಿಸಿ ಉದ್ದನೆಯ ತಂತುವಿನಲ್ಲಿ ಹೊರಡುತ್ತದೆ ಎಂಬುದನ್ನೂ ಅವರು ಮುಂದೆ ಪ್ರತಿಪಾದಿಸಿದರು.

ಸ್ಪ್ಯಾನಿಷ್ ಭಾಷೆಯ ಲೇಖನವನ್ನು ಓದುವವರಾರು? ಸ್ವಂತ ಖರ್ಚಿನಲ್ಲಿ ಪತ್ರಿಕೆ ಅಚ್ಚು ಹಾಕಿಸಿದರು. 1889ರಲ್ಲಿ ಗಾಜಿನ ಫಲಕಗಳನ್ನು ಹೊತ್ತು ಬರ್ಲಿನ್ನಿನ ವಿದ್ವತ್ಸಭೆಗೆ ಹೋಗಿ, ವೃದ್ಧ ಆಚಾರ್ಯ ಕೋಲಿಕರ್ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕರೆತಂದು ತೋರಿಸಿದರು. ಅವರು ಒಪ್ಪಿದ ಮೇಲೆ ಇತರರೂ ಕಿವಿಗೊಟ್ಟರು.

1906ರಲ್ಲಿ ಗಾಲ್ಜಿಗೂ ಕಹಾಲ್‌ರಿಗೂ ನೊಬೆಲ್ ಪಾರಿತೋಷಕ ಒಟ್ಟಿಗೆ ಲಭಿಸಿತು. ಗಾಲ್ಜಿ ತಮ್ಮ ಉಪನ್ಯಾಸದಲ್ಲಿ ನರಕೋಶವಾದವನ್ನೇ ಖಂಡಿಸಿದರು! ಒಂದೇ ಬೆಳ್ಳಿಯ ಲವಣ, ಒಂದೇ ಬಗೆಯ ಮಸೂರ, ಎರಡು ದರ್ಶನ. ತೀರ್ಪು ಬಂದದ್ದು 1950ರ ದಶಕದಲ್ಲಿ, ಇಬ್ಬರೂ ಗತಿಸಿದ ಮೇಲೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಗಳ ನಡುವೆ ಒಂದು ಮಿಲಿಮೀಟರಿನ ಸುಮಾರು ಐವತ್ತು ಸಾವಿರದಲ್ಲೊಂದು ಭಾಗದಷ್ಟು ತೆರಪಿರುವುದನ್ನು ತೋರಿಸಿತು. ಆದರೂ ಗಾಲ್ಜಿಯವರ ಪಕ್ಷ ಪೂರ್ತಿ ಬಿದ್ದುಹೋಗಲಿಲ್ಲ. ಕೆಲವು ನರಕೋಶಗಳ ನಡುವೆ ವಿದ್ಯುತ್ತು ನೇರವಾಗಿ ಹರಿಯುವುದು 1959ರಲ್ಲಿ ಸಿದ್ಧಪಟ್ಟಿತು.

ಕಹಾಲ್ 1934ರ ಅಕ್ಟೋಬರ್ 17ರಂದು ನಿಧನರಾದರು. ಅವರು ಬಿಟ್ಟುಹೋದ ಸಾವಿರಾರು ಚಿತ್ರಗಳು ಸ್ಪೇನಿನಲ್ಲಿ ಸುರಕ್ಷಿತವಾಗಿವೆ. 2017ರಲ್ಲಿ ಯುನೆಸ್ಕೋ ಆ ಸಂಗ್ರಹವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಕಣ್ಣಿನ ಅಕ್ಷಿಪಟಲದ ಚಿತ್ರದಲ್ಲಿ ಸುದ್ದಿ ಸಾಗುವ ದಿಕ್ಕನ್ನು ಸೂಚಿಸಲು ಅವರು ಪುಟ್ಟ ಬಾಣಗಳನ್ನು ಬರೆದಿದ್ದಾರೆ. ಹರಿವನ್ನು ಅವರು ಕಂಡಿರಲಿಲ್ಲ, ಕಂಡದ್ದು ನಿಶ್ಚಲವಾದ ಸತ್ತ ಅಂಗಾಂಶವನ್ನು. ಬಾಣಗಳನ್ನು ಮಾತ್ರ ಸರಿಯಾದ ಕಡೆಗೇ ತಿರುಗಿಸಿದ್ದರು.