ಕ್ಷಮೆ ಸಿಕ್ಕ ಮೇಲೂ ಉಳಿಯುವ ಬಾಕಿ

ಪ್ರಶ್ನೆ: ನನಗೆ 58 ವರ್ಷ. ಹೆದ್ದಾರಿ ಅಗಲ ಮಾಡುವಾಗ ಅಪ್ಪನ ಜಾಗದ ಒಂದು ತುಂಡು ಹೋಯಿತು. ಪರಿಹಾರ ಬಂದಾಗ ತಂಗಿಯಿಂದ ಸಹಿ ಹಾಕಿಸಿಕೊಂಡು ಅವಳ ಪಾಲನ್ನೂ ನಾನೇ ಇಟ್ಟುಕೊಂಡೆ. ಅವಳು ಏನೂ ಕೇಳಲಿಲ್ಲ. ಅಂದಿನಿಂದ ಕುಮ್ಸಾರಿಗೆ (ಗುರುಗಳೆದುರು ಪಾಪ ಹೇಳಿಕೊಳ್ಳಲು) ಹೋಗಿಲ್ಲ. ಪೂಜೆಗೆ ಹೋದರೂ ಪ್ರಸಾದ ತೆಗೆದುಕೊಳ್ಳದೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಇಷ್ಟು ವರ್ಷದ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ? ನನಗೆ ಕ್ಷಮೆ ಉಂಟೇ?
— ಓದುಗರು, ಬಾಳೆಗುಳಿ

ಉತ್ತರ: ಉಂಟು. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ, ಉಳಿದದ್ದನ್ನು ಆಮೇಲೆ ನೋಡೋಣ. ಹಿಂದಿನ ಬೆಂಚಿನಲ್ಲಾದರೂ ನೀವು ಬಂದು ಕೂತಿದ್ದೀರಿ. ದೇವರ ಕಡೆ ನಿಮ್ಮ ಮುಖ ಪೂರ್ತಿ ತಿರುಗಿಹೋಗಿಲ್ಲ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಪೇತ್ರನನ್ನು ನೆನೆಯಿರಿ. ಮೂರು ಸಲ ಯೇಸುವನ್ನು ಅರಿಯೆ ಎಂದವನು ಅವನು. ಪುನರುತ್ಥಾನವಾದ ಮೇಲೆ ಯೇಸು ಕೆರೆಯ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ಅವನನ್ನು ಊಟಕ್ಕೆ ಕರೆದರು. ಊಟವಾದ ಮೇಲೆಯೇ ಮಾತು. ಅದೂ ಬೈಗುಳವಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂಬ ಒಂದೇ ಪ್ರಶ್ನೆ, ಮೂರು ಸಲ. ಕರಾವಳಿಯವರಾದ ನಮಗೆ ಆ ದಡ, ಆ ಮೀನಿನ ವಾಸನೆ ಬಿಡಿಸಿ ಹೇಳಬೇಕಾಗಿಲ್ಲ.

ವಿಮೋಚನೆ (ಬೆಲೆ ಕೊಟ್ಟು ಬಿಡಿಸಿಕೊಳ್ಳುವುದು) ಎಂಬ ಮಾತನ್ನು ಪ್ರವಚನದಲ್ಲಿ ಕೇಳಿರುತ್ತೀರಿ. ಸೊಸೈಟಿಯಲ್ಲಿ ಅಡವಿಟ್ಟ ಬಳೆಯನ್ನು ಬಿಡಿಸಿಕೊಂಡು ಬರುವ ಹಾಗೆ. ಅಡವು ಬಿದ್ದವರು ನಾವು, ಬೆಲೆ ತೆತ್ತವರು ಶಿಲುಬೆಯ ಮೇಲೆ ಕ್ರಿಸ್ತ. ಆ ಬೆಲೆಯನ್ನು ನೀವು ಇನ್ನೊಮ್ಮೆ ಕಟ್ಟಬೇಕಾಗಿಲ್ಲ. ಕಟ್ಟಲು ನಿಮ್ಮಿಂದ ಆಗುವುದೂ ಇಲ್ಲ.

ಆದರೆ ತಂಗಿಯ ಹಣ ಬೇರೆ ಲೆಕ್ಕ. ಕದ್ದದ್ದನ್ನು ಕೈಯಲ್ಲೇ ಇಟ್ಟುಕೊಂಡು ಪಡೆಯುವ ಕ್ಷಮೆಯನ್ನು ಧರ್ಮಸಭೆ ಎಂದೂ ಕಲಿಸಿಲ್ಲ. ಪಾಪನಿವೇದನೆಯಲ್ಲಿ (ಕುಮ್ಸಾರ್) ನಾಲ್ಕು ಮಾತು ಸೇರಿವೆ: ತಪ್ಪಿಗೆ ಮರುಗುವುದು, ಬಾಯಿಬಿಟ್ಟು ಹೇಳುವುದು, ಗುರುಗಳಿಂದ ಪಾಪವಿಮೋಚನೆ (ದೇವರ ಹೆಸರಲ್ಲಿ ಪಾಪ ಬಿಡಿಸುವ ಮಾತು) ಪಡೆಯುವುದು, ಆದ ಹಾನಿಯನ್ನು ಸರಿಪಡಿಸುವುದು. ತೆರಿಗೆ ವಸೂಲಿಯ ಜಕ್ಕಾಯ ಯೇಸು ತನ್ನ ಮನೆಗೆ ಬಂದ ದಿನವೇ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ನಿಮ್ಮಿಂದ ನಾಲ್ಕರಷ್ಟನ್ನು ಯಾರೂ ಕೇಳುವುದಿಲ್ಲ. ಅವಳ ಪಾಲು, ಇಷ್ಟು ವರ್ಷ ಅವಳಿಗಾದ ನಷ್ಟ, ಇವೆರಡನ್ನು ಲೆಕ್ಕಹಾಕಿ. ಒಂದೇ ಸಲ ಆಗದಿದ್ದರೆ ಕಂತಿನಲ್ಲಿ ಕೊಡಿ. ಕೊಟ್ಟೇ ಕೊಡುತ್ತೇನೆ ಎಂಬ ನಿರ್ಧಾರ ಗಟ್ಟಿಯಿದ್ದರೆ ಕುಮ್ಸಾರಿಗೆ ಇವತ್ತೇ ಹೋಗಬಹುದು. ಕೊನೆಯ ಕಂತಿನವರೆಗೆ ಕಾಯಬೇಕಾಗಿಲ್ಲ.

ಒಂದು ಕಿವಿಮಾತು. ತಂಗಿಯ ಮನೆಗೆ ಬರಿಗೈಯಲ್ಲಿ ಹೋಗಿ ಕ್ಷಮಿಸು ಎಂದು ಅಳಬೇಡಿ. ಮೊದಲು ಅವಳದ್ದನ್ನು ಅವಳ ಕೈಗೆ ಕೊಡಿ. ಸುಮ್ಮನಿದ್ದಾಳೆ ಎಂದರೆ ನೋವಾಗಿಲ್ಲ ಎಂದಲ್ಲ. ಅವಳು ಆ ಕ್ಷಣಕ್ಕೆ ಮಾತಾಡದಿದ್ದರೂ ಬೇಸರಿಸಬೇಡಿ.

ನೀವು ಹೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯೇ ಇದನ್ನು ಕಟ್ಟುನಿಟ್ಟಾಗಿ ವಿಧಿಸಿತು. ಊರಿನ ಗುರುಗಳೆದುರು ನಾಚಿಕೆಯಾದರೆ ಕಾರವಾರಕ್ಕೋ ಕುಮಟೆಗೋ ಹೋಗಿ. ಕೊಂಕಣಿಯಲ್ಲಿ ಹೇಳಿದರೂ ಆಯಿತು, ಕನ್ನಡದಲ್ಲಿ ಹೇಳಿದರೂ ಆಯಿತು.

ಪ್ರಶ್ನೆ: ನಾನು ಹಿಂದೂ. ಗುರುಗಳ ಕಿವಿಯಲ್ಲಿ ಹೇಳಿದರೆ ಪಾಪ ಹೋಗುತ್ತದೆ ಎಂದರೆ ಮತ್ತೆ ಮಾಡಲು ಪರವಾನಗಿ ಸಿಕ್ಕಂತಲ್ಲವೇ?
— ಓದುಗರು, ಅಂಕೋಲಾ

ಉತ್ತರ: ನಿಮ್ಮ ಅನುಮಾನ ಸಹಜ. ಮತ್ತೆ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಇಟ್ಟುಕೊಂಡು ಹೇಳಿದವರಿಗೆ ಆ ಕ್ಷಮೆ ಸಲ್ಲುವುದೇ ಇಲ್ಲ, ಗುರುಗಳು ಕೈಯೆತ್ತಿ ಹರಸಿದ್ದರೂ. ಬಿಡಬೇಕೆಂದು ನಿಜವಾಗಿ ನಿಶ್ಚಯಿಸಿಯೂ ಬಲಹೀನತೆಯಿಂದ ಮತ್ತೆ ಬಿದ್ದವರ ಮಾತು ಬೇರೆ. ಅವರು ಎಷ್ಟು ಸಲ ಬಂದರೂ ಬಾಗಿಲು ತೆರೆದೇ ಇರುತ್ತದೆ.

ಪ್ರಶ್ನೆ: ಆರಬೈಲ್ ಘಟ್ಟದಲ್ಲಿ ಕುಡಿದು ಲಾರಿ ಓಡಿಸಿದವನಿಂದ ನನ್ನ ಮಗ ಹೋದ. ಕೇಸು ನಡೆಯುತ್ತಿದೆ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮಿಸುವ ಸಾಲು ಬಂದಾಗ ನನ್ನ ಬಾಯಿ ಕಟ್ಟುತ್ತದೆ. ನಾನು ಕ್ಷಮಿಸದಿದ್ದರೆ ನನಗೂ ಕ್ಷಮೆ ಇಲ್ಲವೇ? ಕೇಸು ಬಿಡಬೇಕೇ?
— ಒಬ್ಬ ತಾಯಿ

ಉತ್ತರ: ಅಮ್ಮಾ, ಬಾಯಿ ಕಟ್ಟುವುದು ಪಾಪವಲ್ಲ. ನೋವನ್ನು ಅನುಭವಿಸದಿರುವುದೂ ಮರೆಯುವುದೂ ನಮ್ಮ ಕೈಯಲ್ಲಿಲ್ಲ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಒಪ್ಪುತ್ತದೆ. ನಿಮ್ಮಿಂದ ಕೇಳುತ್ತಿರುವುದು ಇಷ್ಟೇ: ಅವನಿಗೆ ಕೆಡುಕಾಗಲಿ ಎಂದು ಹಾರೈಸದಿರುವುದು, ಮನಸ್ಸನ್ನು ದೇವರ ಮುಂದೆ ತೆರೆದಿಡುವುದು. ಅದಕ್ಕೂ ಕಾಲ ಬೇಕು.

ಮಧ್ಯಪ್ರದೇಶದಲ್ಲಿ ಬಡ ರೈತರ ಪರ ದುಡಿಯುತ್ತಿದ್ದ ಕೇರಳದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರವರಿ 25ರಂದು ಸಮುಂದರ್ ಸಿಂಗ್ ಎಂಬವನು ಇರಿದು ಕೊಂದ. ಅವರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದ್ದು 2002ರಲ್ಲಿ. ನಡುವೆ ಏಳು ವರ್ಷ. ನಾವು ಕಥೆ ಹೇಳುವಾಗ ರಾಖಿಯನ್ನಷ್ಟೇ ಹೇಳಿ ಆ ಏಳು ವರ್ಷವನ್ನು ಬಿಟ್ಟುಬಿಡುತ್ತೇವೆ. ನಿಮ್ಮಂಥ ತಾಯಂದಿರಿಗೆ ಅದರಿಂದ ಅನ್ಯಾಯವಾಗುತ್ತದೆ.

ಕೇಸು ಬಿಡಬೇಡಿ. ಎರಡನೇ ಜಾನ್ ಪೌಲ್ ಜಗದ್ಗುರುಗಳು ತಮ್ಮ ಮೇಲೆ 1981ರಲ್ಲಿ ಗುಂಡು ಹಾರಿಸಿದವನನ್ನು ಕ್ಷಮಿಸಿದರು, 1983ರಲ್ಲಿ ಜೈಲಿಗೇ ಹೋಗಿ ಅವನ ಪಕ್ಕ ಕೂತು ಮಾತಾಡಿದರು. ಆದರೂ ಅವನು 2000ನೇ ಇಸವಿವರೆಗೆ ಇಟಲಿಯ ಜೈಲಿನಲ್ಲಿಯೇ ಇದ್ದ. ಕ್ಷಮೆ ನಿಮ್ಮ ಮನಸ್ಸಿನದು, ಶಿಕ್ಷೆ ಕಾನೂನಿನದು. ಕುಡಿದು ಘಟ್ಟ ಇಳಿಯುವವರಿಂದ ಇನ್ನೊಬ್ಬ ತಾಯಿಯ ಮಗ ಉಳಿಯಬೇಕಲ್ಲವೇ?

ಈ ಭಾನುವಾರ ಆ ಸಾಲು ಬಂದಾಗ ಬಾಯಿ ಬರದಿದ್ದರೆ ಸುಮ್ಮನೆ ನಿಂತಿರಿ. ಅಕ್ಕಪಕ್ಕದವರು ನಿಮ್ಮ ಪರವಾಗಿಯೂ ಹೇಳುತ್ತಿರುತ್ತಾರೆ. ಕೋರ್ಟಿನ ತಾರೀಖಿಗೆ ಮಾತ್ರ ತಪ್ಪದೆ ಹೋಗಿ, ಕಂಡದ್ದನ್ನು ಕಂಡ ಹಾಗೆ ಹೇಳಿ.